ಬೆಂಕಿಗಾಡಿಯ ದುಂಡವ್ವ

ಜಾಲಿಹಟ್ಟಿಯ ಒಂದು ಕೋಣೆಯ ಶಾಲೆಗೆ ನಾನು ಶಿಕ್ಷಕಿಯಾಗಿ ಬಂದದ್ದು ೧೯೮೪ರ ಜೂನ್‌ನಲ್ಲಿ. ಅಥಣಿ ತಾಲೂಕಿನ ಸತ್ತಿಯಲ್ಲಿ ಬಸ್ಸಿಳಿದು, ಕೃಷ್ಣೆಯ ದಂಡೆಗುಂಟ ಕಬ್ಬಿನ ಹೊಲಗಳ ನಡುವೆ ಮುಕ್ಕಾಲು ಗಂಟೆ ನಡೆದರೆ ಆ ಊರು. ಸುಮಾರು ನಲವತ್ತು ಮನೆ. ನಾಲ್ಕೈದು ಮನೆಗಳಿಗೆ ಹೆಂಚಿತ್ತು. ಉಳಿದವಕ್ಕೆಲ್ಲ ಮಣ್ಣಿನ ಗೋಡೆ, ಮೇಲೆ ರವದಿಯ ಹೊದಿಕೆ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣಗರಿಗೆ ಅಲ್ಲಿ ರವದಿ ಎನ್ನುತ್ತಾರೆ. ಪುಕ್ಕಟೆ ಸಿಗುತ್ತದೆ, ಮಳೆ ತಡೆಯುತ್ತದೆ, ಬೇಸಿಗೆಯಲ್ಲಿ ಮನೆಯನ್ನು ತಂಪಾಗಿಡುತ್ತದೆ. ಕಿಡಿ ಬಿದ್ದರೆ ಮಾತ್ರ ಒಂದು ಮನೆ ಉರಿಯಲು ಹತ್ತು ನಿಮಿಷ ಸಾಕು.

ದುಂಡವ್ವನಿಗೆ ಆಗ ನಲವತ್ತರ ಆಸುಪಾಸು. ಗಂಡ ಮಾಳಸಿದ್ದ ಕುರಿ ಕಾಯುವವನು. ದೀಪಾವಳಿ ಮುಗಿದರೆ ಹಿಂಡು ಹೊಡೆದುಕೊಂಡು ಹೊಳೆ ದಾಟಿ ರಾಯಬಾಗದ ಕಡೆಗೆ ಹೋಗುತ್ತಿದ್ದ, ಮಳೆ ಬೀಳುವಾಗ ತಿರುಗಿ ಬರುತ್ತಿದ್ದ. ಹೆಣ್ಣುಮಕ್ಕಳಿಬ್ಬರ ಮದುವೆಯಾಗಿತ್ತು. ಮನೆಯಲ್ಲಿ ಉಳಿದವರು ದುಂಡವ್ವ ಮತ್ತು ಅತ್ತೆ ತುಳಸವ್ವ. ತುಳಸವ್ವ ಬಿದ್ದು ಸೊಂಟದ ಎಲುಬು ಮುರಿದುಕೊಂಡು ಎರಡು ವರ್ಷದಿಂದ ಒಳಕೋಣೆಯ ಹಾಸಿಗೆ ಹಿಡಿದಿದ್ದಳು. ಬೆಳಿಗ್ಗೆ ಅತ್ತೆಗೆ ಮೈ ತೊಳೆಸಿ, ಅಂಬಲಿ ಕುಡಿಸಿ, ತಲೆದೆಸೆಯಲ್ಲಿ ಒಂದು ತಂಬಿಗೆ ನೀರಿಟ್ಟು, ದುಂಡವ್ವ ಆಬಾಸಾಹೇಬರ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ಮಾತು ಕಡಿಮೆ. ಶಾಲೆಯ ಮುಂದೆ ಹಾಯುವಾಗ ‘ಆರಾಮ್ರಿ ಅಕ್ಕೋರ?’ ಎನ್ನುವಳು, ಉತ್ತರ ಕೇಳಲು ನಿಲ್ಲುತ್ತಿರಲಿಲ್ಲ.

೧೯೮೫ರ ಹೋಳಿ ಹುಣ್ಣಿಮೆ ಮುಗಿದು ಒಂದು ವಾರವಾಗಿತ್ತು. ಮಕ್ಕಳನ್ನು ಊಟಕ್ಕೆ ಬಿಡುವ ಹೊತ್ತಿಗೆ ಊರಿನ ಪಡುವಣ ತುದಿಯಲ್ಲಿ ಹೊಗೆ ಎದ್ದಿತು. ಯಾರದೋ ಒಲೆಯ ಕೆಂಡ ಗಾಳಿಗೆ ಹಾರಿ ಬಣವೆಗೆ ಬಿದ್ದಿತ್ತು. ಮಕ್ಕಳನ್ನು ಹೊಳೆಯ ಕಡೆಯ ಬಯಲಿಗೆ ಓಡಿಸಿ ನಾನು ಓಣಿಗೆ ಬಂದಾಗ ಮೂರು ಮನೆಗಳು ಹೊತ್ತಿದ್ದವು. ಗಂಡಸರೆಲ್ಲ ಹೊಲಗಳಲ್ಲಿದ್ದರು, ಕೆಲವರು ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೋಗಿದ್ದರು. ಹೆಂಗಸರು ಬಾವಿಯಿಂದ ಕೊಡ ತುಂಬಿ ತಂದು ತಮ್ಮ ತಮ್ಮ ಮನೆಯ ಮೇಲೆ ಎರಚುತ್ತಿದ್ದರು. ಒಬ್ಬರು ತುಂಬಿದ ಕೊಡವನ್ನು ಇನ್ನೊಬ್ಬರು ಕಸಿದುಕೊಳ್ಳುತ್ತಿದ್ದರು. ಯಾರ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ.

ದುಂಡವ್ವ ತೋಟದಿಂದ ಓಡಿ ಬಂದಳು. ಅವಳ ಮನೆಗೆ ಇನ್ನೂ ಬೆಂಕಿ ಮುಟ್ಟಿರಲಿಲ್ಲ. ‘ನಮ್ಮತ್ತಿ ಎಲ್ಲಿ?’ ಎಂದು ಕೂಗಿದಳು.

‘ಹೊರಗ ತಂದಾರ, ಬೇವಿನ ಗಿಡದ ಕೆಳಗ ಕುಂದ್ರಿಸ್ಯಾರ’ ಎಂದು ಹೊಗೆಯೊಳಗಿಂದ ಒಂದು ದನಿ ಹೇಳಿತು.

ದುಂಡವ್ವ ಆ ಮಾತು ನಂಬಿದಳು. ಕೊಡ ಹಿಡಿದು ಬಾವಿಗೆ ಓಡಿದಳು. ಎರಡನೆಯ ಸಲ ತಿರುಗಿ ಬರುವಷ್ಟರಲ್ಲಿ ಅವಳ ಮನೆಯ ಮಾಡು ಹೊತ್ತಿ ಒಳಗೆ ಕುಸಿದಿತ್ತು. ಬೇವಿನ ಗಿಡದ ಕೆಳಗೆ ಕೂತಿದ್ದವಳು ಬೇರೆ ಮನೆಯ ಮುದುಕಿ.

ಆ ದಿನ ಹನ್ನೊಂದು ಮನೆಗಳು ಸುಟ್ಟವು. ಸತ್ತಿಯ ಅಂಚೆ ಕಚೇರಿಗೆ ಒಬ್ಬ ಸೈಕಲ್ ತುಳಿದು ಹೋಗಿ ಫೋನ್ ಮಾಡಿಸಿದ್ದ. ಬೆಂಕಿ ಆರಿಸುವ ವಾಹನ ದೂರದ ಪಟ್ಟಣದಿಂದ ಹೊರಟು, ಹೊಲದ ದಾರಿಯಲ್ಲಿ ಗಾಲಿ ಹೂತು, ನಮ್ಮೂರು ಮುಟ್ಟಿದಾಗ ನಾಲ್ಕು ಗಂಟೆ. ಬಂದವರು ಪಾಪ, ಹೊಗೆಯಾಡುವ ಬೂದಿಗೆ ನೀರು ಹೊಡೆದರು. ತುಳಸವ್ವನ ದೇಹವನ್ನು ಹೊರತಂದವರೂ ಅವರೇ.

ಮಾಳಸಿದ್ದನಿಗೆ ಸುದ್ದಿ ಮುಟ್ಟಿ ಅವನು ಬರಲು ನಾಲ್ಕು ದಿನ ಹಿಡಿಯಿತು. ಕಂಬಳಿ ಹೊದ್ದು ಸುಟ್ಟ ಗೋಡೆಯ ಮುಂದೆ ಕೂತ. ‘ಯಾರೂ ಒಳಗ ಹಣಿಕಿ ನೋಡ್ಲಿಲ್ಲೇನ?’ ಎಂದು ಒಂದೇ ಸಲ ಕೇಳಿದ. ಹೊಗೆಯೊಳಗಿನ ಆ ದನಿ ಯಾರದಿತ್ತು ಎಂದು ದುಂಡವ್ವ ಊರಲ್ಲಿ ಯಾರನ್ನೂ ವಿಚಾರಿಸಲಿಲ್ಲ. ‘ಅಂದವರು ಕೆಟ್ಟ ಮನಸ್ಸಿಂದ ಅಂದಿದ್ದಿಲ್ರಿ. ಹೆಸರ ಗೊತ್ತಾದ್ರ ನಾ ಅವರ ಮಾರಿ ನೋಡೂದ ಹೆಂಗ?’ ಎಂದು ಎಷ್ಟೋ ವರ್ಷದ ಮೇಲೆ ನನ್ನೆದುರು ಹೇಳಿದಳು.

ಮಳೆಗಾಲದ ಹೊತ್ತಿಗೆ ಸುಟ್ಟ ಮನೆಗಳೆಲ್ಲ ಎದ್ದವು, ಮತ್ತೆ ರವದಿಯ ಮಾಡೇ. ದುಂಡವ್ವ ಒಂದು ದಿನ ಆಬಾಸಾಹೇಬರ ಅಂಗಳಕ್ಕೆ ಹೋದಳು. ನಾನೂ ಶಾಲೆಯ ಗೋಡೆಯ ವಿಷಯ ಕೇಳಲು ಅಲ್ಲಿಗೆ ಹೋಗಿದ್ದೆ. ಆಬಾಸಾಹೇಬರಿಗೆ ಕಬ್ಬು, ದ್ರಾಕ್ಷಿ ಸೇರಿ ದೊಡ್ಡ ಜಮೀನು. ಊರಿನ ಅರ್ಧ ಜನ ಅವರಲ್ಲೇ ದುಡಿಯುತ್ತಿದ್ದರು.

‘ಸಾವ್ಕಾರ್ರ, ಆ ಹಳೀ ಔಷಧದ ಪಂಪ ನಮಗ ಕೊಡ್ರಿ’ ಎಂದಳು.

ದ್ರಾಕ್ಷಿ ಬಳ್ಳಿಗೆ ಔಷಧ ಹೊಡೆಯುವ ಪಂಪು ಅದು. ಸಣ್ಣ ಸೀಮೆಎಣ್ಣೆ ಇಂಜಿನ್ನು, ಉದ್ದ ರಬ್ಬರ್ ಪೈಪು. ಹೊಸದು ತಂದ ಮೇಲೆ ಅದನ್ನು ಹುಣಸೆಮರದ ಕೆಳಗೆ ಎಸೆದಿದ್ದರು.

ಆಬಾಸಾಹೇಬರು ನಕ್ಕರು. ‘ಅದು ತುಕ್ಕ ಹಿಡದೈತಿ. ತಗೊಂಡ ಏನ ಮಾಡ್ತಿ?’

‘ನಿಮ್ಮ ತ್ವಾಟದಾಗ ಆ ಪೈಪ ಜಗ್ಗಿದಾಕಿ ನಾನ್ರಿ. ನೀರ ಇಪ್ಪತ್ತ ಫೂಟ ಮ್ಯಾಲೆ ಹಾರ್ತೈತಿ. ನಮ್ಮ ಮನಿ ಹನ್ನೆರಡ ಫೂಟ ಅದಾವು.’

ಅವರ ನಗು ನಿಂತಿತು. ‘ಗಂಡಸರನ್ನ ಕಳಸು, ಕೊಡ್ತೀನಿ’ ಎಂದರು.

‘ಗಂಡಸರು ಮುಂಜಾನೆ ಹೋಗಿ ಸಂಜಿಗೆ ಬರ್ತಾರ್ರಿ. ಬೆಂಕಿ ಹತ್ತೂದು ನಡು ಮಧ್ಯಾಹ್ನ. ಆವಾಗ ಊರಾಗ ಇರೂದು ನಾವು.’

ಆಬಾಸಾಹೇಬರು ಪಂಪು ಕೊಟ್ಟರು; ಹಳೆಯ ಚಕ್ಕಡಿಯೊಂದನ್ನೂ, ಎರಡು ಕಬ್ಬಿಣದ ಬ್ಯಾರಲ್‌ಗಳನ್ನೂ ಕೊಟ್ಟರು. ಅಥಣಿಯಿಂದ ಬಂದ ರಿಪೇರಿಯವನು ಇಂಜಿನ್ನನ್ನು ಚಕ್ಕಡಿಗೆ ಕೂಡಿಸಿ, ಇಂಜಿನ್ನಿನ ಗಾಲಿಗೆ ಹಗ್ಗ ಸುತ್ತಿ ಜಗ್ಗಿ ಹೇಗೆ ಚಾಲೂ ಮಾಡುವುದೆಂದು ತೋರಿಸಿದ. ಎಂಟು ಮಂದಿ ಹೆಂಗಸರು ಸುತ್ತ ನಿಂತಿದ್ದರು. ಕಟ್ಟೆಯ ಮೇಲೆ ಕೂತ ಗಂಡಸರು ನಗುತ್ತಿದ್ದರು. ಏಳು ಮಂದಿ ಜಗ್ಗಿದರೂ ಇಂಜಿನ್ನು ಕೆಮ್ಮಿ ಸುಮ್ಮನಾಯಿತು. ಎಂಟನೆಯವಳು ಅಕ್ಕುತಾಯಿ, ದುಂಡವ್ವನ ಪಕ್ಕದ ಮನೆಯ ವಿಧವೆ, ತವರು ಪಾಲಬಾವಿ. ಸೆರಗು ಸೊಂಟಕ್ಕೆ ಸಿಗಿಸಿ, ಚಕ್ಕಡಿಯ ಅಚ್ಚಿಗೆ ಕಾಲು ಕೊಟ್ಟು ಒಂದೇ ಸಲ ಜಗ್ಗಿದಳು. ಇಂಜಿನ್ನು ಗುಡುಗಿತು. ಅಂದಿನಿಂದ ಹಗ್ಗ ಅವಳದಾಯಿತು.

ಇನ್ನೂ ಮೂವರು ಹೆಂಗಸರು ಬಂದು ಸೇರಿಕೊಂಡರು. ಕೆಲಸಗಳನ್ನು ದುಂಡವ್ವ ಹಂಚಿದಳು. ಪೈಪಿನ ಬಾಯಿ ಅವಳ ಕೈಯಲ್ಲಿ. ಇಬ್ಬರು ಚಕ್ಕಡಿಯ ಮೂಕಿ ಹಿಡಿದು ಎಳೆಯುವವರು, ನಾಲ್ವರು ಬ್ಯಾರಲ್ ತುಂಬುವವರು, ಇಬ್ಬರ ಕೈಯಲ್ಲಿ ಉದ್ದ ಬಿದಿರಿಗೆ ಕಬ್ಬಿಣದ ಕೊಕ್ಕೆ ಹಾಕಿದ ಗಳ. ಹೊತ್ತಿದ ರವದಿಯನ್ನು ಕೆಳಗೆಳೆಯಲು ಅದು ಬೇಕು. ಶಾಲೆಯಲ್ಲಿ ತೂಗುಹಾಕಿದ್ದ ರೈಲುಹಳಿಯ ತುಂಡನ್ನು ಬಿಡದೆ ಬಾರಿಸುವುದು ನನ್ನ ಕೆಲಸ. ಲಗಮವ್ವ ಎಂಬ ಹಿರಿಯಳಿಗೆ ನೀರಿನ ಕೆಲಸವೇ ಇಲ್ಲ. ಅವಳು ಮನೆಮನೆಯೊಳಗೆ ಹೊಕ್ಕು ಮುದುಕರು, ಬಾಣಂತಿಯರು, ಕೂಸುಗಳನ್ನು ತನ್ನ ಕಣ್ಣಿಂದಲೇ ಕಂಡು, ಹೊರಗೆ ಕಳಿಸಿ, ಬಂದು ಹೇಳಬೇಕು.

‘ಬ್ಯಾರೇದವರು ಹೇಳಿದ್ದು ತಂದು ನನಗ ಹೇಳಬ್ಯಾಡ. ನೀ ಕಂಡದ್ದಷ್ಟ ಹೇಳು’ ಎಂದು ದುಂಡವ್ವ ಅವಳಿಗೆ ಹೇಳುವಾಗ ಯಾರೂ ನಗಲಿಲ್ಲ.

ಅಮಾವಾಸ್ಯೆಯ ದಿನ ನಮ್ಮ ಕಡೆ ಎತ್ತಿನ ಕೊರಳಿಗೆ ನೊಗ ಹಾಕುವುದಿಲ್ಲ, ಹೊಲದ ಕೆಲಸಕ್ಕೂ ಬಿಡುವು. ಪ್ರತಿ ಅಮಾವಾಸ್ಯೆಗೆ ಹೆಂಗಸರು ಗಾಡಿಯನ್ನು ಹೊರಗೆಳೆದು, ಇಂಜಿನ್ನು ಚಾಲೂ ಮಾಡಿ, ಶಾಲೆಯ ಮಾಡಿಗೆ ನೀರು ಹೊಡೆದು ನೋಡುತ್ತಿದ್ದರು. ಮಂಡಲ ಪಂಚಾಯ್ತಿ ಬಂದ ಮೇಲೆ ‘ಜಾಲಿಹಟ್ಟಿ ಮಹಿಳಾ ಅಗ್ನಿರಕ್ಷಣಾ ತಂಡ’ ಎಂದು ಠರಾವು ಬರೆದು ಒಂದು ಫಲಕ ಕೊಟ್ಟರು. ಊರಿನವರ ಬಾಯಲ್ಲಿ ಅದು ಬೆಂಕಿಗಾಡಿ. ೧೯೯೦ರವರೆಗೆ ಎರಡು ಬಣವೆ, ಒಂದು ದನದ ಕೊಟ್ಟಿಗೆ, ಒಂದು ಮನೆಯ ಮಾಡು, ಇಷ್ಟಕ್ಕೆ ಬೆಂಕಿ ಬಿತ್ತು. ನಾಲ್ಕೂ ಸಲ ಬೆಂಕಿ ಪಕ್ಕಕ್ಕೆ ದಾಟಲಿಲ್ಲ. ಕಟ್ಟೆಯ ಮೇಲಿನ ನಗುವೂ ನಿಂತುಹೋಯಿತು.

ಇನ್ನು ೧೯೯೧ರ ಮಾರ್ಚ್ ತಿಂಗಳ ಮಾತು. ಅದನ್ನು ಬರೆಯದೆ ದುಂಡವ್ವನ ಕಥೆ ಪೂರ್ತಿಯಾಗುವುದಿಲ್ಲ.

ಅಂದು ಬೆಳಗಿನಿಂದ ಪಡುವಣ ಗಾಳಿ ಜೋರಾಗಿತ್ತು. ಅಕ್ಕುತಾಯಿ ಅಣ್ಣನ ಮಗಳ ಸೀಮಂತಕ್ಕೆಂದು ಪಾಲಬಾವಿಗೆ ಹೋಗಿದ್ದಳು. ಹನ್ನೆರಡೂವರೆಗೆ ಊರಿನ ಆಚೆ ಹೊಲದಲ್ಲಿ ಸುಡಲು ಹಚ್ಚಿದ್ದ ರವದಿಯ ಬೆಂಕಿ ಗಾಳಿಗೆ ಹಾರಿ ಮೊದಲ ಮನೆಗೆ ಬಿತ್ತು. ನಾನು ಹಳಿ ಬಾರಿಸಿದೆ. ಗಾಡಿ ಬಂದು ನಿಲ್ಲುವಷ್ಟರಲ್ಲಿ ಎರಡು ಮನೆ, ಇಂಜಿನ್ನು ಚಾಲೂ ಆಗುವಷ್ಟರಲ್ಲಿ ನಾಲ್ಕು. ಹಗ್ಗ ಜಗ್ಗುವ ಕೈ ಊರಲ್ಲಿರಲಿಲ್ಲ. ಬೇರೆಯವರು ಆರೇಳು ಸಲ ಜಗ್ಗಬೇಕಾಯಿತು.

ಸುಟ್ಟ ನಾಲ್ಕು ಮನೆಗಳ ಮುಂದಿನದು ಲಗಮವ್ವನ ಮನೆ. ಅದರಾಚೆ ಅಕ್ಕುತಾಯಿಯದು. ಅದರಾಚೆ ದುಂಡವ್ವನದು. ಅಲ್ಲಿಂದ ಮುಂದೆ ಒಂದಕ್ಕೊಂದು ಹತ್ತಿಕೊಂಡ ಇಪ್ಪತ್ತು ಮನೆಗಳು. ದುಂಡವ್ವ ಲಗಮವ್ವನ ಮಾಡಿಗೆ ನೀರು ಹೊಡೆಯುತ್ತ ನಿಂತಳು. ಅವಳ ಸೀರೆಯ ಅಂಚಿನಿಂದ ಉಗಿ ಏಳುತ್ತಿತ್ತು. ಲಗಮವ್ವ ಬಂದು, ‘ಮಂದಿ ಎಲ್ಲಾ ಹೊರಗ ಅದಾರ, ನನ್ನ ಕಣ್ಣಿಲೆ ನೋಡೀನಿ’ ಎಂದಳು. ಅಷ್ಟರಲ್ಲಿ ಒಂದು ಬ್ಯಾರಲ್ ಖಾಲಿಯಾಯಿತು. ಇನ್ನೊಂದರಲ್ಲಿ ಕಾಲುಭಾಗ ನೀರಿತ್ತು. ಬೇಸಿಗೆಯ ಬಾವಿ, ಕೊಡ ಮುಳುಗಲು ಹೊತ್ತು ಹಿಡಿಯುತ್ತಿತ್ತು. ಕಿಡಿಗಳು ನಮ್ಮ ತಲೆಯ ಮೇಲೆ ಹಾರುತ್ತಿದ್ದವು.

ದುಂಡವ್ವ ತಿರುಗಿ ನೋಡಿದಳು. ‘ಅಕ್ಕುತಾಯಿ ಮನಿ ಕೆಡವ್ರಿ’ ಎಂದಳು.

ಕೊಕ್ಕೆ ಹಿಡಿದವರು ಕದಲಲಿಲ್ಲ. ಲಗಮವ್ವ ಹೇಳಿದಳು, ‘ಆಕಿ ಊರಾಗಿಲ್ಲವ್ವಾ. ಕೇಳದ ಹೆಂಗ ಕೆಡವೂದು? ಕೆಡವಿದ್ರ ನನ್ನದ ಕೆಡವು.’

‘ನಿನ್ನ ಮನಿ ಸನೇಕ ಯಾರಿಗೂ ನಿಂದ್ರಾಕ ಆಗವಲ್ದು. ಇದನ್ನ ಬಿಟ್ರ ಮುಂದ ಇಪ್ಪತ್ತ ಮನಿ ಹೋಗ್ತಾವ. ಕೆಡವ್ರಿ!’

ಯಾರೂ ಮುಂದೆ ಬರದಿದ್ದಾಗ ಪೈಪನ್ನು ಲಗಮವ್ವನ ಕೈಗೆ ಕೊಟ್ಟು, ಗಳ ಕಸಿದುಕೊಂಡು ಮೊದಲ ಕೊಕ್ಕೆಯನ್ನು ಅವಳೇ ಹಾಕಿದಳು. ನಾನು ಮತ್ತು ಇನ್ನಿಬ್ಬರು ಒಳಗೆ ಹೊಕ್ಕು ಟ್ರಂಕು, ಜೋಳದ ಚೀಲ, ಗೋಡೆಯ ಮೇಲಿನ ಗಂಡನ ಫೋಟೋ ಹೊರಗೆ ತಂದೆವು. ಆಮೇಲೆ ಉಳಿದವರೂ ಕೊಕ್ಕೆ ಹಾಕಿದರು. ಮಾಡಿನ ಜೊತೆ ಅಡ್ಡತೊಲೆ ಬಂತು, ತೊಲೆಯ ಜೊತೆ ಗೋಡೆ ಬಂತು. ಎಲ್ಲವನ್ನೂ ನೆಲಕ್ಕೆ ತಂದು ಮೇಲೆ ಹಸಿಮಣ್ಣು, ನೀರು ಸುರಿದೆವು.

ಅದಾಗಿ ಕಾಲು ಗಂಟೆ ಕಳೆದಿರಲಿಕ್ಕಿಲ್ಲ, ಗಾಳಿ ತಿರುಗಿತು. ಹೊಗೆಯೆಲ್ಲ ಹೊಳೆಯ ಕಡೆಯ ಬಯಲಿಗೆ ಬಾಗಿತು. ಲಗಮವ್ವನ ಮನೆಯ ಮಾಡಿನ ಅಂಚಷ್ಟೇ ಕರಕಾಗಿ ಬೆಂಕಿ ಅಲ್ಲಿಗೇ ನಿಂತಿತು. ಅಕ್ಕುತಾಯಿಯ ಮನೆ ಇದ್ದಿದ್ದರೆ ಅದಕ್ಕೆ ಒಂದು ಕಿಡಿಯೂ ತಾಗುತ್ತಿರಲಿಲ್ಲ.

ಮರುದಿನ ಮುಂಜಾನೆ ಅಕ್ಕುತಾಯಿ ಬಂದಳು. ಕೈಯಲ್ಲಿ ಸೀಮಂತದ ಬುತ್ತಿಯ ಗಂಟಿತ್ತು. ಮಣ್ಣಿನ ಗುಡ್ಡೆಯ ಮುಂದೆ ನಿಂತು, ಮೊದಲು ಲಗಮವ್ವನ ಮನೆ ನೋಡಿದಳು, ಆಮೇಲೆ ದುಂಡವ್ವನ ಮನೆ ನೋಡಿದಳು.

‘ನನ್ನ ಮನಿಗೆ ಬೆಂಕಿ ಹತ್ತಿತ್ತೇನ?’

‘ಇಲ್ಲ’ ಎಂದಳು ದುಂಡವ್ವ.

‘ಯಾರ ಕೆಡವಿದ್ರು?’

‘ನಾನ ಕೆಡವಿದ್ನಿ. ಗಾಳಿ ತಿರಗ್ತೈತಿ ಅಂತ ಗೊತ್ತಿರ್ಲಿಲ್ಲ.’

‘ನಮ್ಮನಿಯವರು ಸ್ವತಾ ಹೊತ್ತು ತಂದ ತೊಲಿ ಅದು, ಹಿಂದಿನ ಬೆಂಕ್ಯಾಗೂ ಉಳದಿತ್ತು’ ಎಂದಳು ಅಕ್ಕುತಾಯಿ. ದನಿ ಏರಲಿಲ್ಲ. ‘ನಿನ್ನ ಮನಿ ಉಳೀತಲ್ಲ, ಆತು ಬಿಡು.’

ಆ ಮಾತು ಊರ ತುಂಬ ಹರಡಿತು. ತನ್ನ ಮನೆ ಉಳಿಸಿಕೊಳ್ಳಲು ಪಕ್ಕದವಳ ಮನೆ ಕೆಡವಿದಳು ಎಂದು ಹೇಳುವವರು ಹುಟ್ಟಿಕೊಂಡರು. ಅವತ್ತು ಕಣ್ಣಾರೆ ಕಂಡವರಲ್ಲೂ ಒಬ್ಬಿಬ್ಬರು ಹಾಗೆ ಹೇಳಿದರು. ಸುಟ್ಟ ಮನೆಗಳ ಪರಿಹಾರದ ಪಟ್ಟಿಯಲ್ಲಿ ಅಕ್ಕುತಾಯಿಯ ಹೆಸರು ಬರಲಿಲ್ಲ, ಏಕೆಂದರೆ ಅವಳ ಮನೆ ಸುಟ್ಟಿರಲಿಲ್ಲ. ಅವಳು ಟ್ರಂಕು ಹೊತ್ತು ತಂದು ಶಾಲೆಯ ಪಡಸಾಲೆಯಲ್ಲಿ ಇಟ್ಟಳು. ‘ಮಳಿ ಬರೂತನಕ ಇರ್ಲೇನ್ರಿ ಅಕ್ಕೋರ?’ ಎಂದು ಕೇಳಿದಳು. ಇರು ಎಂದೆ.

ಮಾಳಸಿದ್ದ ಆ ವರ್ಷ ಬೇಗ ಬಂದ. ದುಂಡವ್ವ ಕುರಿಹಟ್ಟಿಯಲ್ಲಿ ಅವನಿಗೆ ಎಲ್ಲ ಹೇಳಿ, ಕೊನೆಗೆ, ‘ನಮ್ಮ ಮನಿ ಆಕಿಗೆ ಕೊಡೂನು. ಕೆಡವಿದ ಜಾಗಾದಾಗ ನಾವು ಕಟ್ಕೊಳ್ಳೂನು’ ಎಂದಳಂತೆ. ಆ ಮನೆಯನ್ನು ತಾಯಿ ಸತ್ತ ಮೇಲೆ ಅವನೇ ಎಬ್ಬಿಸಿದ್ದ. ಅವನು ಕುರಿಯ ಕಾಲಿನ ಮುಳ್ಳು ತೆಗೆಯುತ್ತ, ‘ಕೊಡು. ನಾ ಹೆಂಗಿದ್ರೂ ಬಯಲಾಗ ಮಲಗಾಂವ’ ಎಂದ.

ಅಕ್ಕುತಾಯಿ ಒಪ್ಪಲಿಲ್ಲ. ‘ನನಗ ಯಾರ ಮನೀನೂ ಬ್ಯಾಡ’ ಎಂದು ಲಗಮವ್ವನ ಕೈಯಲ್ಲಿ ಹೇಳಿ ಕಳಿಸಿದಳು. ಆದರೂ ಗಂಡ ಹೆಂಡತಿ ತಮ್ಮ ಸಾಮಾನನ್ನು ಕುರಿಹಟ್ಟಿಗೆ ಸಾಗಿಸಿ, ಮನೆಯ ಬಾಗಿಲು ತೆರೆದಿಟ್ಟು, ಪಕ್ಕದ ಮಣ್ಣು ಕಲಸಿ ಗೋಡೆ ಏರಿಸತೊಡಗಿದರು. ಮುರಿಯದೆ ಉಳಿದಿದ್ದ ತೊಲೆಯನ್ನು ಬಿಸಿಲಲ್ಲಿ ಒಣಗಿಸಿ, ತೆರೆದ ಮನೆಯ ಒಳಗೆ ಇಟ್ಟರು. ಎರಡು ತಿಂಗಳು ಆ ಮನೆ ಖಾಲಿಯೇ ಇತ್ತು. ಜೂನ್ ಮೊದಲ ವಾರ ಸುರಿದ ಮಳೆಗೆ ಪಡಸಾಲೆಯಲ್ಲಿ ನೀರು ನುಗ್ಗಿ ಅಕ್ಕುತಾಯಿಯ ಬಟ್ಟೆಬರೆ ತೊಯ್ದವು. ಅಂದು ಮಧ್ಯಾಹ್ನ ಅವಳು ಟ್ರಂಕು ಹೊತ್ತು ಎದ್ದಳು. ನಾನು ಚೀಲ ಹಿಡಿದು ಹಿಂದೆ ಹೋದೆ. ತೆರೆದ ಬಾಗಿಲೊಳಗೆ ಕಾಲಿಟ್ಟು, ತೊಲೆಯನ್ನು ಕಂಡು, ಅದರ ಮೇಲೆ ಕೈಯಿಟ್ಟು ಕೂತುಬಿಟ್ಟಳು. ಪಕ್ಕದ ಅಂಗಳದಲ್ಲಿ ದುಂಡವ್ವ ಮಣ್ಣು ತುಳಿಯುತ್ತಿದ್ದಳು. ಇಬ್ಬರೂ ಮಾತಾಡಲಿಲ್ಲ.

ಆ ಮೌನ ಮೂರು ವರ್ಷ ನಡೆಯಿತು. ಆದರೆ ಮುಂದಿನ ಅಮಾವಾಸ್ಯೆಗೆ ಗಾಡಿ ಹೊರಗೆ ಬಂದಾಗ ಅಕ್ಕುತಾಯಿ ಬಂದಳು. ಯಾರ ಮುಖವನ್ನೂ ನೋಡದೆ ಹಗ್ಗ ಸುತ್ತಿ ಜಗ್ಗಿದಳು, ಇಂಜಿನ್ನು ಚಾಲೂ ಆದ ಮೇಲೆ ತಿರುಗಿ ಹೋದಳು. ಪ್ರತಿ ಅಮಾವಾಸ್ಯೆಗೂ ಹಾಗೆಯೇ. ಒಮ್ಮೆ ಕಬ್ಬು ಕಡಿಯುವವರ ಗುಡಿಸಲಿಗೆ ಬೆಂಕಿ ಬಿದ್ದಾಗ ಒಬ್ಬಳು ಇಂಜಿನ್ನಿನ ಬಳಿ, ಇನ್ನೊಬ್ಬಳು ಪೈಪಿನ ಬಾಯಲ್ಲಿ ನಿಂತು ಇಪ್ಪತ್ತು ನಿಮಿಷದಲ್ಲಿ ಆರಿಸಿದರು. ಅಂದು ಕೂಡ ಒಂದು ಮಾತಿಲ್ಲ.

ನಾನು ಅಕ್ಕುತಾಯಿಯನ್ನು ಕೇಳಿಯೇಬಿಟ್ಟೆ. ‘ಆಕೆ ಬೇಕಂತ ಮಾಡಿಲ್ಲ, ನಿನಗ ಗೊತ್ತಿಲ್ಲೇನ?’

‘ಗೊತ್ತೈತ್ರಿ. ಆಕಿ ಜಾಗಾದಾಗ ನಾ ಇದ್ದಿದ್ರ ನಾನೂ ಕೆಡವ್ತಿದ್ನಿ. ಆದ್ರ ಹೊಟ್ಟಿ ಉರಿ ಹಂಗ ಆರಾಂಗಿಲ್ರಿ.’

ದುಂಡವ್ವನ ಹತ್ತಿರ ಈ ಮಾತು ಹೇಳಲಿಲ್ಲ. ಅವಳು ಆ ವರ್ಷಗಳಲ್ಲಿ ಬಹಳ ಇಳಿದುಹೋಗಿದ್ದಳು. ಗಾಳಿ ಬೀಸುವ ದಿನ ಕೂಲಿಗೆ ಹೋಗುತ್ತಿರಲಿಲ್ಲ, ಓಣಿಯ ತುದಿಯಲ್ಲಿ ಪಡುವಣಕ್ಕೆ ಮುಖ ಮಾಡಿ ಕೂತಿರುತ್ತಿದ್ದಳು. ‘ಕಾಲ ತಾಸ ತಡದಿದ್ರ ಆಗ್ತಿತ್ತೇನ್ರಿ ಅಕ್ಕೋರ?’ ಎಂದು ಒಮ್ಮೆ ಕೇಳಿದಳು. ‘ತಡೆದು ಇಪ್ಪತ್ತು ಮನೆ ಹೋಗಿದ್ರೆ?’ ಎಂದೆ. ‘ಅದನ್ನೂ ಕೇಳ್ಕೋತೀನ್ರಿ’ ಎಂದಳು.

೧೯೯೪ರ ಬೇಸಿಗೆಯ ಒಂದು ಅಮಾವಾಸ್ಯೆಯ ಸಂಜೆ ದುಂಡವ್ವ ಶಾಲೆಯವರೆಗೆ ಬಂದಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

‘ಅಕ್ಕೋರ, ಇವತ್ತ ಅಕ್ಕುತಾಯಿ ಮಾತಾಡಿದ್ಲು.’

‘ಏನಂದ್ಲು?’

‘ಹಗ್ಗ ಸವದೈತಿ, ಹೊಸಾದ ತರಬೇಕು ಅಂದ್ಲು.’

ಅಷ್ಟು ಹೇಳಿ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತೆ ಸತ್ತಾಗಲೂ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. ಮರುದಿನ ಸತ್ತಿಗೆ ಹೋಗಿ ಹೊಸ ಹಗ್ಗ ತಂದಳು.

ಅಲ್ಲಿಂದ ಇಬ್ಬರ ನಡುವೆ ಮಾತು ಶುರುವಾಯಿತು, ಕೆಲಸಕ್ಕೆ ಬೇಕಾದಷ್ಟೇ. ಎಣ್ಣೆ ಮುಗಿದಿದೆ, ಪೈಪು ಸೋರುತ್ತಿದೆ, ನಾಳೆ ಗಾಳಿ ಬರುವಂತಿದೆ. ಮನೆ ಕೆಡವಿದ ಮಾತು ಅವರಿಬ್ಬರೂ ಎಂದೂ ಎತ್ತಲಿಲ್ಲ.

೧೯೯೬ರ ಹೊತ್ತಿಗೆ ಊರಿನ ಮನೆಗಳಿಗೆ ತಗಡು, ಹೆಂಚು ಬಂದವು. ಊರೊಳಗೆ ಫೋನು ಬಂತು, ಹೊಲದ ದಾರಿಗೆ ಜಲ್ಲಿಕಲ್ಲು ಬಿತ್ತು, ಬೆಂಕಿ ಆರಿಸುವ ವಾಹನ ಊರಿನವರೆಗೆ ಸಲೀಸಾಗಿ ಬರುವಂತಾಯಿತು. ತಂಡ ಮುಗಿಯಿತೆಂದು ಯಾರೂ ಹೇಳಲಿಲ್ಲ. ಒಂದು ಅಮಾವಾಸ್ಯೆಗೆ ನಾಲ್ವರೇ ಬಂದರು, ಮುಂದಿನದಕ್ಕೆ ಇಬ್ಬರು. ಆ ಇಬ್ಬರು ಯಾರೆಂದು ಹೇಳಬೇಕಾಗಿಲ್ಲ.

ನನಗೆ ಕಾಗವಾಡದ ಕಡೆಗೆ ವರ್ಗವಾಯಿತು. ೧೯೯೯ರ ಫೆಬ್ರುವರಿಯಲ್ಲಿ ಒಂದು ಮದುವೆಗೆ ಸತ್ತಿಗೆ ಹೋದವಳು ಜಾಲಿಹಟ್ಟಿಗೂ ಹೋದೆ. ದುಂಡವ್ವನ ಬಾಗಿಲಿಗೆ ಚಿಲಕ ಹಾಕಿತ್ತು. ಅಕ್ಕುತಾಯಿ ಆ ಮನೆಯ ಅಂಗಳದಲ್ಲಿ ಕಸ ಗುಡಿಸುತ್ತಿದ್ದಳು.

‘ಬರ್ರಿ ಅಕ್ಕೋರ. ಆಕಿ ಇಲ್ರಿ. ಮಾಳಸಿದ್ದಣ್ಣಗ ಮೊಳಕಾಲ ಹಿಡಿದಾವ, ಒಬ್ಬಾಂವಗ ಹಿಂಡ ಹೊಡಿಯಾಕ ಆಗೂದಿಲ್ಲಂತ ಈ ಸಲ ಆಕೀನೂ ಕುರಿ ಜೋಡಿ ಹೋಗ್ಯಾಳ. ಮಳಿಗೆ ಬರ್ತಾರ.’

ಗೋಡೆಯ ಬದಿಗೆ ನಾಲ್ಕು ಮೆಣಸಿನ ಗಿಡ ಇದ್ದವು, ಬುಡ ಹಸಿಯಾಗಿತ್ತು. ಅಕ್ಕುತಾಯಿ ಕಸಬರಿಗೆ ಕೆಳಗಿಟ್ಟು ನನ್ನನ್ನು ತನ್ನ ಮನೆಗೆ ಕರೆದಳು. ಚಹಾಕ್ಕಿಟ್ಟು, ಒಲೆಯ ಮುಂದೆ ಕೂತು, ಬಂದು ಹೋಗುವ ಕುರಿಗಾರರ ಕೈಯಲ್ಲಿ ದುಂಡವ್ವ ಹೇಳಿ ಕಳಿಸಿದ್ದಂತೆ, ರಾಯಬಾಗದ ಕಡೆ ಈ ಸಲ ಮೇವು ಚೆನ್ನಾಗಿದೆಯಂತೆ, ಎಂಟು ಮರಿ ಹುಟ್ಟಿವೆಯಂತೆ, ಹೋಗುವಾಗ ಅವಳಿಗಿದ್ದ ಕೆಮ್ಮು ಕಡಿಮೆಯಾಗಿದೆಯಂತೆ ಎಂದು ಒಂದೊಂದೇ ಸುದ್ದಿ ಹೇಳಿದಳು.